ಮುಲಾಮು ಯಾರದು?

ಸಿಸ್ಟರ್ ಎನಿಫಾ ಮುಲಾಮಿಗೆ ಹಳೇ ಕಾಗದ ಸುತ್ತುವ ಬದಲು ಒಂದು ಗಟ್ಟಿ ಚೀಲ ಕೊಟ್ಟಿದ್ದರೆ ಲಿಂಬಾನಿಯ ಮಾನ ಆ ಗುರುವಾರ ಬೀದಿಪಾಲಾಗುತ್ತಿರಲಿಲ್ಲ.

ಲಿಂಬಾನಿ ಮಲಾವಿ ಸರೋವರದ ದಂಡೆಯ ಪುಟ್ಟ ಆಸ್ಪತ್ರೆಯಲ್ಲಿ ಔಷಧಿ ಕೊಡುವವನು. "ಇದು ಬ್ವನಾಲಿಯವರಿಗೆ. ಮೂಲವ್ಯಾಧಿ. ಅವರ ಕೈಗೇ ಕೊಡು," ಎಂದು ಸಿಸ್ಟರ್ ಪಿಸುಗುಟ್ಟಿದರು. "ರೋಗಿಯ ಗುಟ್ಟು ನಿನ್ನ ಹೊಟ್ಟೇಲೇ ಇರ್ಬೇಕು. ಹೊರಗೆ ಬಂತೋ, ನೋಡ್ಕೋ!"

ಬ್ವನಾಲಿ ಊರಿನ ಸೈಕಲ್ ಟ್ಯಾಕ್ಸಿಯವರ ಅಧ್ಯಕ್ಷ. ಅವತ್ತೇ ಮಧ್ಯಾಹ್ನ ಹೊಸ ಚುನಾವಣೆ. ಸೈಕಲ್ಲಿನವರ ಅಧ್ಯಕ್ಷನಿಗೇ ಸೀಟಿನ ಮೇಲೆ ಕೂರೋಕಾಗಲ್ಲ ಅಂತ ಗೊತ್ತಾದರೆ ಎದುರಾಳಿಗೆ ಹಬ್ಬ.

ಬೇಗ ತಲುಪಿಸೋಣವೆಂದು ಲಿಂಬಾನಿ ಜಸ್ಟೆನ್‌ನ ಸೈಕಲ್ ಹತ್ತಿದ. ಮೊದಲನೇ ಗುಂಡಿಗೇ ಕಾಗದ ಹರಿದು ಟ್ಯೂಬು ರಸ್ತೆಗೆ ಬಿತ್ತು. ಜಸ್ಟೆನ್ ಅದನ್ನು ಎತ್ತಿಕೊಂಡು, ಅಕ್ಷರ ಅಕ್ಷರ ಕೂಡಿಸಿ ಓದಿ, ಹುಬ್ಬೇರಿಸಿದ.

"ಯಾರದಣ್ಣ ಇದು?"

ಲಿಂಬಾನಿಗೆ ಬೇರೇನೂ ತೋಚಲಿಲ್ಲ. "ನಂದು."

"ಅಯ್ಯೋ, ಮೊದ್ಲೇ ಹೇಳೋದಲ್ವಾ! ಇಳಿ, ಇಳಿ. ಈ ಗುಂಡೀಲಿ ನಿನ್ನ ಕುಕ್ಕಿಸ್ಕೊಂಡು ಹೋದ್ರೆ ನಂಗೆ ಪಾಪ ಸುತ್ಕೊಳ್ಳುತ್ತೆ!"

ಟ್ಯೂಬನ್ನು ಕೈಗಿಟ್ಟು, ಅವನನ್ನು ಇಳಿಸಿ ಜಸ್ಟೆನ್ ಮುಂದೆ ಹೋದ. ಸುದ್ದಿ ಜಸ್ಟೆನ್‌ಗಿಂತ ಮುಂದೆ ಹೋಯಿತು.

ಸಂತೆಯ ಬಾಯಲ್ಲೇ ಮೀನು ಮಾರುವ ಎಲೂಬೆ ಅಡ್ಡ ನಿಂತಿದ್ದಳು. "ಬಾ ತಮ್ಮ, ನಾಚ್ಕೋಬೇಡ. ನಮ್ಮನೆಯವ್ರೂ ಇದ್ರಲ್ಲೇ ನರಳಿದ್ದು." ಮೀನಿನ ಬೋಗುಣಿ ಖಾಲಿ ಮಾಡಿ ತಣ್ಣೀರು ಸುರಿದಳು. "ಕೂರು ಇದ್ರಲ್ಲಿ."

"ಅಕ್ಕಾ, ನನ್ನ ಪ್ಯಾಂಟು..."

"ಪ್ಯಾಂಟು ಒಣಗುತ್ತೆ ಬಿಡು, ನಿಂದು ವಾಸಿಯಾಗ್ಲಿ ಮೊದ್ಲು!"

ನಾಲ್ಕು ಹೆಂಗಸರು ಹೆಗಲು ಅದುಮಿದರು. ನೀರಾನೆ ಮರಿ ಸರೋವರಕ್ಕೆ ಬಿದ್ದ ಹಾಗೆ ಲಿಂಬಾನಿ ಕುಳಿತ. ಎದ್ದಾಗ ಹಿಂದಿನ ಜೇಬಿನಲ್ಲಿ ಒಂದು ಉಸಿಪಾ ಮೀನಿತ್ತು.

ಮಾವಿನ ಮರದ ಕೆಳಗೆ ಸಭೆ ಸೇರಿತ್ತು. ಎಲ್ಲರೂ ಕೂತಿದ್ದರು, ಬ್ವನಾಲಿ ಮಾತ್ರ ನಿಂತಿದ್ದರು. ನೀರು ತೊಟ್ಟಿಕ್ಕಿಸುತ್ತ ಬಂದ ಲಿಂಬಾನಿಗೆ ಜನ "ಪಾಪ, ಪಾಪ" ಎನ್ನುತ್ತ ದಾರಿ ಬಿಟ್ಟರು. ಬ್ವನಾಲಿ ಹಾರಿ ಬಂದು ಅವನನ್ನು ತಬ್ಬಿಕೊಂಡರು.

"ನೋಡ್ರಪ್ಪಾ ನಮ್ಮ ಗಿರಾಕಿಯ ಗತಿ! ಗಟ್ಟಿ ಸೀಟಿನ ಫಲ ಇದು! ನನ್ನ ಗೆಲ್ಸಿ, ಒಂದೊಂದು ಸೈಕಲ್ಲಿಗೂ ಸ್ಪಂಜಿನ ಸೀಟು ಹಾಕಿಸ್ತೀನಿ!"

ಚಪ್ಪಾಳೆಯೋ ಚಪ್ಪಾಳೆ. ಕೈಗಳು ಕಬ್ಬಿನ ಗದ್ದೆಯಂತೆ ಮೇಲೆದ್ದವು. ಆ ಗದ್ದಲದಲ್ಲೇ ಲಿಂಬಾನಿ ಟ್ಯೂಬನ್ನು ಅಧ್ಯಕ್ಷರ ಕೋಟಿನ ಜೇಬಿಗೆ ಜಾರಿಸಿದ. ಒಂದು ನರಪಿಳ್ಳೆಗೂ ತಿಳಿಯಲಿಲ್ಲ.

ಒದ್ದೆ ಪ್ಯಾಂಟಿನಲ್ಲೂ ಎದೆಯುಬ್ಬಿಸಿಕೊಂಡು ಆಸ್ಪತ್ರೆಗೆ ನಡೆದು ಬಂದ. ರೋಗಿಗಳಿಂದ ತುಂಬಿದ ಬೆಂಚಿನ ಮುಂದೆ ಸಿಸ್ಟರ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವನ ಕಿವಿಯ ಹತ್ತಿರ ಬಾಗಿ ಮೆಲುದನಿಯಲ್ಲೇ ಗದರಿದರು.

"ಆ ರೋಗಿ ಈಗಷ್ಟೇ ಫೋನ್ ಮಾಡಿದ್ರು. 'ನಿಮ್ಮೋನು ತನ್ನ ಕಾಯಿಲೇನ ಊರಿಗೆಲ್ಲ ಸಾರ್ಕೊಂಡು ಬಂದ. ಸ್ವಂತ ಗುಟ್ಟೇ ಕಾಯದೋನು ನಂದೇನು ಕಾಯ್ತಾನೆ? ಇನ್ಮೇಲೆ ಅವನ ಕೈಲಿ ಏನೂ ಕಳಿಸ್ಬೇಡಿ' ಅಂದ್ರು. ನಾಳೆಯಿಂದ ಔಷಧಿ ಕೆಲಸ ಬೇಡ ನಿಂಗೆ. ಮಕ್ಕಳ ತೂಕ ಹಾಕು!"

"ಸಿಸ್ಟರ್, ನಂಗೆ ಯಾವ ಕಾಯಿಲೇನೂ ಇಲ್ಲ!" ಲಿಂಬಾನಿ ಕೂಗಿಯೇ ಬಿಟ್ಟ.

ಬೆಂಚಿನ ಮೇಲಿದ್ದ ಹನ್ನೊಂದು ಕತ್ತುಗಳು ಒಟ್ಟಿಗೇ ತಿರುಗಿದವು. "ಹಂಗಾದ್ರೆ ಆ ಮುಲಾಮು ಯಾರದಪ್ಪಾ?" ಎಂದಳು ಒಬ್ಬ ಮುದುಕಿ, ಕೆಮ್ಮುವುದನ್ನೂ ನಿಲ್ಲಿಸಿ.

ಲಿಂಬಾನಿ ಸರ್ರನೆ ಹಿಂಭಾಗಕ್ಕೆ ಕೈಯಿಟ್ಟುಕೊಂಡ. "ನಂದೇ ಅಜ್ಜಿ."

ಸಿಸ್ಟರ್ ಅವನ ಮುಖ ನೋಡಿದರು, ಒದ್ದೆ ಪ್ಯಾಂಟು ನೋಡಿದರು. ಈಗ ಎಲ್ಲ ಅರ್ಥವಾಯಿತು. ಆದರೆ ಬೆಂಚಿನ ಕಿವಿಗಳು ಅವರನ್ನೂ ಕಟ್ಟಿಹಾಕಿದ್ದವು. ಗಂಟಲು ಸರಿಮಾಡಿಕೊಂಡು, "ಸರಿ, ಒಳಗೆ ಬಾ. ಪರೀಕ್ಷೆ ಮಾಡ್ಬೇಕು," ಎಂದು ಅವನನ್ನು ಕರೆದೊಯ್ದು ಪರದೆ ಎಳೆದರು.

"ನೀನು ಬಂಗಾರ ಕಣೋ," ಎಂದರು ಮೆಲ್ಲಗೆ.

"ಹಂಗಾದ್ರೆ ಮಕ್ಕಳ ತೂಕ?"

"ಅದು ಹಾಗೇ. ರೋಗಿ ಹೇಳಿದ್ಮೇಲೆ ಮುಗೀತು. ಈಗ ಸ್ವಲ್ಪ ಜೋರಾಗಿ ನರಳು, ಹೊರಗಿನವ್ರಿಗೆ ಕೇಳಿಸ್ಬೇಕು."

ಲಿಂಬಾನಿ ನರಳಿದ. ನಟಿಸುವ ಕಷ್ಟವೇ ಬೀಳಲಿಲ್ಲ.