ರೂಬಿಗೆ ಜ್ವರ

ಮಕ್ಕಳಿಗೆ ಯಾವ ವಿಡಿಯೋ ಗೇಮ್ ಸರಿ, ಯಾವುದು ತಪ್ಪು ಎಂದು ತೀರ್ಪು ಕೊಡಲು ಸಿಂಗಪುರದ ನಮ್ಮ ಇಡೀ ಟ್ಯಾಂಪಿನೀಸಿನಲ್ಲಿ ನನಗಿಂತ ಯೋಗ್ಯರಿಲ್ಲ ಎಂದು ಹೋದ ಸೋಮವಾರ ನಾನೇ ತೀರ್ಮಾನಿಸಿದೆ. ಮೂವತ್ತು ವರ್ಷ ಸಂಡೇ ಸ್ಕೂಲಿನ ಮಕ್ಕಳನ್ನು ಅಲುಗಾಡದಂತೆ ಕೂರಿಸಿದವಳು ನಾನು!

ಮೊಮ್ಮಗಳು ತನಿಷಾಗೆ ಕುರಿ ಸಾಕುವ ಗೇಮ್ ಬೇಕಿತ್ತು. ಅದರಲ್ಲೊಬ್ಬ ಮಾಟಗಾತಿ ಇದ್ದಾಳೆ. ಮಗ, ಸೊಸೆಗೆ ಎರಡು ವಾರದಿಂದ ಅದೇ ಮಾತು.

“ಮಾಟ ಮಂತ್ರ ಇರೋದು ನಮ್ಮನೇಲಿ ಬೇಡ,” ಎಂದಳು ಸೊಸೆ ತೃಪ್ತಿ.

“ಅವಳು ಬರೀ ಸೂಪ್ ಕೊಡ್ತಾಳೆ ಕಣೇ,” ಎಂದ ಮಗ ನೀರಜ್.

“ಸೂಪಲ್ಲಿ ಏನ್ ಹಾಕಿದಾಳೆ ಅಂತ ಚೆಕ್ ಮಾಡಿದ್ಯಾ?”

“ಕ್ಲಾಸಲ್ಲಿ ಎಲ್ರೂ ಆಡ್ತಾರೆ ಲಾ, ಮಮ್ಮಿ!” ತನಿಷಾ ಅಳುವುದೊಂದು ಬಾಕಿ.

“ಟ್ಯಾಬ್ ಇಲ್ಲಿ ಕೊಡಿ. ಶುಕ್ರವಾರದವರೆಗೆ ನಾನೇ ಆಡಿ ನೋಡಿ ಹೇಳ್ತೀನಿ,” ಎಂದೆ.

ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ ನಾನು. ಸೋಮವಾರ ಎರಡು ಕುರಿ, ಮಂಗಳವಾರ ಏಳು. ಬುಧವಾರ ಅಕ್ಕಿಗೆ ನೀರು ಹಾಕದೆ ಕುಕ್ಕರ್ ಇಟ್ಟೆ. ಆಗ ಕುರಿಗಳಿಗೆ ನೀರು ಹಾಕುವುದಿತ್ತು. ಅವತ್ತೇ ನನ್ನ ಪುಟ್ಟ ಮರಿ ರೂಬಿಗೆ ಜ್ವರ ಬಂತು.

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ಕಾಯಿಲೆಯವರ ಹೆಸರು ಹೇಳುವ ಸರದಿ ನನಗೆ ಬಂದಾಗ ಎದ್ದು ನಿಂತೆ.

“ರೂಬಿಗೆ ಎರಡು ದಿನದಿಂದ ಜ್ವರ. ಏನೂ ತಿಂತಿಲ್ಲ.”

ರೂಬಿ ಯಾರೆಂದು ಒಬ್ಬರೂ ಕೇಳಲಿಲ್ಲ. ಪ್ರಾರ್ಥನೆಗೆ ವಿಳಾಸ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹನ್ನೊಂದು ಜನ ಮಂಡಿಯೂರಿದರು. ಅವರಲ್ಲೊಬ್ಬಳು, ಕರುಣಾ, ಅತ್ತಳು. ಇಬ್ಬರು ಮರುದಿನ ಉಪವಾಸವಿರುತ್ತೇವೆಂದರು!

ಶುಕ್ರವಾರ ಬೆಳಿಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಪಾಸ್ಟರು, ಅವರ ಹಿಂದೆ ಗಂಜಿಯ ಡಬ್ಬಿ ಹಿಡಿದ ಕರುಣಾ.

“ರೂಬಿ ಎಲ್ಲಿ ಮಲಗಿದಾಳೆ, ಆಂಟಿ?” ಎಂದಳು ಕರುಣಾ.

“ದೊಡ್ಡೀಲಿ,” ಎಂದೆ. ಪಾಸ್ಟರ ಮುಂದೆ ಸುಳ್ಳು ಹೇಳಲಾದೀತೇ? ಟ್ಯಾಬ್ ತೋರಿಸಿದೆ. “ಈಗ ಹುಷಾರಾಗಿದಾಳೆ. ಮಾಟಗಾತಿ ಹತ್ರ ಸೂಪ್ ಇಸ್ಕೊಂಡು ಕುಡಿಸಿದ್ದೆ.”

ಕರುಣಾ ಗಂಜಿಯ ಡಬ್ಬಿಯನ್ನು ಎದೆಗವಚಿಕೊಂಡಳು. ಪಾಸ್ಟರು ಕನ್ನಡಕ ಒರೆಸಿ ಹಾಕಿಕೊಂಡರು.

“ಯಾವಾಗ ಕುಡಿಸಿದ್ರಿ ಅಮ್ಮಾ? ಪ್ರಾರ್ಥನೆಗೆ ಮುಂಚೆಯೋ, ಆಮೇಲೋ?”

“ಮುಂಚೆ. ಆರೂ ಕಾಲಿಗೆ. ಪ್ರಾರ್ಥನೆ ಏಳಕ್ಕಲ್ವಾ?”

ಅಡುಗೆಮನೆಯಲ್ಲಿ ತೃಪ್ತಿಯ ಕೈಯಿಂದ ಏನೋ ಬಿತ್ತು.

ಆಗ ತನಿಷಾ ನನ್ನ ಕೈಯಿಂದ ಟ್ಯಾಬ್ ತೆಗೆದುಕೊಂಡು ತೋರಿಸಿದಳು. “ಅಜ್ಜಿ, ಇಲ್ಲೇ ಬರೆದಿದೆ ನೋಡು. ಎರಡು ದಿನ ರೆಸ್ಟ್ ಕೊಟ್ರೆ ಕುರಿ ತಾನೇ ಹುಷಾರಾಗತ್ತೆ. ಮಾಟಗಾತಿ ಹತ್ರ ಹೋಗೋದೇ ಬೇಡ. ನಾನಾಗಿದ್ರೆ ಹೋಗ್ತಾನೇ ಇರ್ಲಿಲ್ಲ.”

ಪಾಸ್ಟರು ಮೆಚ್ಚಿ ತಲೆಯಾಡಿಸಿದರು. ಅಡುಗೆಮನೆಯಿಂದ ಬಂದ ತೃಪ್ತಿಯ ಮುಖವನ್ನು ನೀರಜ್ ನೋಡಿದ, ತೃಪ್ತಿ ನನ್ನ ಮುಖ ನೋಡಿದಳು.

ಸಂಜೆ ತೀರ್ಪು ಬಂತು. ಕೊಟ್ಟವಳು ನಾನಲ್ಲ.

“ತನಿಷಾ ದಿನಾ ಅರ್ಧ ಗಂಟೆ ಆಡ್ಬಹುದು,” ಎಂದಳು ತೃಪ್ತಿ.

“ಮತ್ತೆ ನಾನು?”

“ದೊಡ್ಡೋರು ಯಾರಾದ್ರೂ ಪಕ್ಕದಲ್ಲಿದ್ರೆ ಆಡಿ ಅತ್ತೆ. ನಾವಿಲ್ದೆ ಇದ್ರೆ ತನಿಷಾ ಸಾಕು.”