ಕಾಯಿಲೆ ಬೀಳದ ಆರು ಇಲಿಗಳು

ದೆವ್ವ ಭೂತ ನಂಬುವವಳಲ್ಲ ನಾನು. ಬೀದರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು. ಟಿ.ಬಿ. ಮಾತ್ರೆ ಕೆಲವರ ಲಿವರ್ ಕೆಡಿಸುತ್ತದೆ. ನೆಲನೆಲ್ಲಿಯ ಸಾರ ಅದನ್ನು ಕಾಯುತ್ತದೆಯೇ ಎಂದು ಇಲಿಗಳ ಮೇಲೆ ನೋಡುವುದೇ ನನ್ನ ಪಿಎಚ್.ಡಿ. ಆದರೂ ಈ ಗಿಡದ ಸಹವಾಸಕ್ಕೆ ಬಿದ್ದಂದಿನಿಂದ ಮೈ ಜುಮ್ಮೆನ್ನುವಂಥದ್ದೇ ನಡೆಯುತ್ತ ಬಂದಿದೆ.

೧. ಹಿಂದೆ ಬಂದವರು

ನಮ್ಮ ಇಲಿಗಳನ್ನು ನೋಡಿಕೊಳ್ಳುವ ಮೌಶಿಯ ತವರು ಔರಾದ ತಾಲ್ಲೂಕಿನ ಎಕಂಬಾ. ಅವಳ ಅಪ್ಪ ಕಾಮಣಿಗೆ, ಅಂದರೆ ಕಾಮಾಲೆಗೆ, ಔಷಧ ಕೊಡುವ ಮುದುಕ. ಗಿಡ ಕೀಳುವ ಹಿಂದಿನ ಸಂಜೆ ನನ್ನನ್ನು ಹೊಲದ ಬದುವಿಗೆ ಕರೆದೊಯ್ದು, ಗಿಡದ ಮುಂದೆ ನಾಲ್ಕು ಅಕ್ಕಿಕಾಳು ಹಾಕಿ, “ನಾಳಿ ಮುಂಜಾನಿ ಬರ್ತೇವಿ, ತಯಾರ್ ಇರವ್ವಾ” ಅಂದ. ನನಗೂ ಅಪ್ಪಣೆಯಾಯಿತು: “ಕಿತ್ತಮ್ಯಾಲ ರಸ್ತಾ ಮುಟ್ಟೋತನಕ ಮಾತಾಡಬ್ಯಾಡ್ರಿ. ಏನೇ ಆದ್ರೂ ಹಿಂದ ತಿರುಗಿ ನೋಡಬ್ಯಾಡ್ರಿ.”

ಬೆಳಗಿನ ಮಂಜಿನಲ್ಲಿ ಗಿಡ ಕಿತ್ತು, ಚೀಲ ಹೆಗಲಿಗೆ ಹಾಕಿ, ಅಜ್ಜನ ಬೆನ್ನ ಹಿಂದೆ ನಡೆದೆ. ನನ್ನ ಹಿಂದೆಯೂ ಹೆಜ್ಜೆ ಸಪ್ಪಳ. ನಿಂತರೆ ನಿಲ್ಲುತ್ತದೆ, ನಡೆದರೆ ನಡೆಯುತ್ತದೆ. ಸೊಂಟದ ಹತ್ತಿರ ಬಿಸಿಯುಸಿರು, ಚೀಲವನ್ನು ಯಾರೋ ಮೆಲ್ಲಗೆ ಜಗ್ಗಿದ ಹಾಗೆ. ಬೆವರಿ ನೀರಾಗಿ ರಸ್ತೆ ಮುಟ್ಟಿ ತಿರುಗಿದರೆ, ಮೇಕೆ! ಚೀಲ ಖಾಲಿ.

ಅಜ್ಜ ಅದರ ಹೊಟ್ಟೆ ನೋಡಿ ಹೇಳಿದ, “ಇದಕ್ಕ ಇನ್ನ ಜಲ್ಮದಾಗ ಕಾಮಣಿ ಬರಂಗಿಲ್ಲ ಬಿಡ್ರಿ.”

೨. ಕೈ ಮುಗಿದ ಗಿಡ

ಆ ಹೆದರಿಕೆ ಸಾಕೆಂದು ಬೀದರಿನಲ್ಲೇ ಮೈಲೂರು ಬಡಾವಣೆಯ ಖಾಲಿ ಸೈಟುಗಳಲ್ಲಿ ಸಿಕ್ಕಸಿಕ್ಕ ನೆಲನೆಲ್ಲಿ ಕಿತ್ತೆ. ಅಕ್ಕಿಯೂ ಇಲ್ಲ, ಆಮಂತ್ರಣವೂ ಇಲ್ಲ. ಗಿಡ ಇದೇ ಎಂದು ಬರೆದುಕೊಡಲು ಭಾಲ್ಕಿಯಲ್ಲಿ ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಬಸ್ಸಿನಲ್ಲಿ ಹೊತ್ತು ಮುಳುಗುತ್ತಿದ್ದಂತೆ ನನ್ನ ತೊಡೆಯ ಮೇಲಿನ ಗಿಡಗಳು ಒಂದೊಂದೇ ಎಲೆ ಮಡಚತೊಡಗಿದವು. ಪಕ್ಕದ ಅಜ್ಜಿ ದೂರ ಸರಿದು ಕೂತಳು. “ಯವ್ವಾ, ಕೈ ಮುಗೀಲತ್ತಾವಲ್ಲ! ಬಿಟ್ಟಬಿಡು ಅಂತ ಕೇಳ್ಕೋಲತ್ತಾವ.”

ಆಮೇಲೆ ಭಾಲ್ಕಿ ಬರುವವರೆಗೆ ನಾನೂ ಅತ್ತ ನೋಡಲಿಲ್ಲ.

ಮೇಷ್ಟ್ರು ಟಾರ್ಚ್ ಹಿಡಿದು ನೋಡಿದರು. “ಮಲಗ್ಯಾವ್ರಿ. ಮುಂಜಾನಿ ಬರ್ರಿ. ನಿದ್ದಿ ಹತ್ತಿದವರಿಗಿ ನಾ ಸರ್ಟಿಫಿಕೇಟ್ ಕೊಡಂಗಿಲ್ಲ.”

೩. ಇಲಿಮನೆ

ಆರು ಇಲಿಗಳಿಗೆ ಟಿ.ಬಿ. ಮಾತ್ರೆ ಮಾತ್ರ, ಅದು ಕಂಟ್ರೋಲ್ ಗುಂಪು. ಇನ್ನಾರಕ್ಕೆ ಮಾತ್ರೆಯ ಜೊತೆ ನನ್ನ ಸಾರ. ಕಂಟ್ರೋಲ್ ಇಲಿಗಳು ಕಾಯಿಲೆ ಬೀಳದಿದ್ದರೆ ಹೋಲಿಸಲು ಏನೂ ಇಲ್ಲದೆ ನನ್ನ ಪಿಎಚ್.ಡಿ. ಮುಳುಗಿದ ಹಾಗೆ. ಇದೇ ಕೊನೆಯ ಅವಕಾಶ ಎಂದು ಗೈಡ್ ಖಡಾಖಂಡಿತ ಹೇಳಿದ್ದರು.

ಎರಡನೆಯ ವಾರ ನೋಡಿದರೆ ಎಲ್ಲ ಉಲ್ಟಾ. ನನ್ನ ಔಷಧ ಕುಡಿದವು ಸೊರಗಿದ್ದವು. ಬರೀ ಮಾತ್ರೆ ತಿಂದ ಕಂಟ್ರೋಲ್ ಇಲಿಗಳು ಕುಣಿಯುತ್ತಿದ್ದವು. ಅವುಗಳ ರಕ್ತಪರೀಕ್ಷೆಯೂ ಚೆನ್ನಾಗಿತ್ತು. ಆ ಪಂಜರದ ಹತ್ತಿರ ಮಾತ್ರ ಹಸಿ ಸೊಪ್ಪಿನ ವಾಸನೆ, ಒಂದು ಇಲಿಯ ಮೀಸೆಗೆ ಹಸಿರು ಹನಿ. ಮೌಶಿ ದನಿ ತಗ್ಗಿಸಿದಳು: “ಆ ಖೋಲಿ ಸರಿ ಇಲ್ರಿ ಮೇಡಂ. ಮಧ್ಯಾಹ್ನ ಒಬ್ಬರೇ ಹೋಗಬ್ಯಾಡ್ರಿ.”

ಮಧ್ಯಾಹ್ನವೇ ಹೋಗಿ ಕಿಟಕಿಯಿಲ್ಲದ ಆ ಕೋಣೆಯ ದೀಪ ಆರಿಸಿ ಕಪಾಟಿನ ಹಿಂದೆ ಕೂತೆ. ಬಾಗಿಲು ಸದ್ದಿಲ್ಲದೆ ತೆರೆಯಿತು. ಕತ್ತಲಲ್ಲಿ ಯಾರೋ ಪಿಸುಗುಟ್ಟಿದರು: “ಬಾ ನನ ಕೂಸ, ಬಾಯಿ ತೆಗಿ.” ಕಿರುಚಿ ದೀಪ ಹಾಕಿದರೆ ಮೌಶಿ, ಕೈಯಲ್ಲಿ ಡ್ರಾಪರು!

ನಾನು ಅತ್ತೇಬಿಟ್ಟೆ. “ನನ್ನ ಪಿಎಚ್.ಡಿ. ಹೋಯ್ತಲ್ಲ ಮೌಶಿ!”

“ಕಾಮಣಿ ಔಷಧ ಇಲ್ಲ ಅಂತ ನಮ್ಮ ಮನ್ಯಾಗ ಯಾರಿಗೂ ಅಂದಿಲ್ರಿ. ಇವು ಆರೂ ನನ ಮಾರಿನೇ ನೋಡ್ತಿದ್ವು.”

“ಮತ್ತೆ ನನ್ನ ಔಷಧ ಕುಡಿದವು ಯಾಕೆ ಸೊರಗಿದವು?”

“ನೀವು ಗಿಡಕ್ಕ ಹೇಳದೇ ಕಿತ್ತೀರಿ. ನಾ ಅಕ್ಕಿ ಹಾಕಿ, ಹೇಳಿ ತಂದೀನಿ.”

ಮೌಶಿಗೂ ಪಾಪ ಅನ್ನಿಸಿರಬೇಕು, ಸೆರಗಿನಿಂದ ನನ್ನ ಕಣ್ಣೊರೆಸಿದಳು.

“ಅಳಬ್ಯಾಡ್ರಿ ಮೇಡಂ. ಪಂಜರದ ಚೀಟಿ ಅಷ್ಟ ಬದಲ ಮಾಡ್ರಿ. ನಂದು ಔಷಧ ಅಂತ ಬರೀರಿ, ನಿಮ್ದು ಕಂಟ್ರೋಲ್.”