ಐದು ದೇಶ, ಎಂಟು ಬೆಡ್ಡು

ಐಸಿಯು ಒಳಗೆ ಯಾರೂ ನಗೋದಿಲ್ಲ ಅಂತ ಹೊರಗೆ ಬೆಂಚಿನ ಮೇಲೆ ಕೂತವರು ಅಂದುಕೊಂಡಿರುತ್ತಾರೆ. ನಾನು ಚಿಕ್ಕಮಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂಟು ಬೆಡ್ಡಿನ ಐಸಿಯುಗೆ ಇನ್‌ಚಾರ್ಜ್ ಸಿಸ್ಟರ್. ನನ್ನ ಕೇಳಿ ಹೇಳ್ತೀನಿ, ವಾರಕ್ಕೊಮ್ಮೆಯಾದರೂ ಸ್ಟೋರ್ ರೂಮಿಗೆ ಓಡಿಹೋಗಿ ಬಾಯಿಗೆ ಟವೆಲ್ ಅದುಮಿಕೊಂಡು ನಗೋ ಪ್ರಸಂಗ ಬಂದೇ ಬರುತ್ತದೆ.

ಅದರಲ್ಲೂ ಆ ಐದು ದೇಶದ ಅಧ್ಯಯನ ಶುರುವಾದ ಮೇಲೆ ನಗುವಿಗೆ ಬರವೇ ಇಲ್ಲ. ಐಸಿಯುನಲ್ಲಿ ಮಲಗಿದವರಿಗೆ ಹೊಸ ಸೋಂಕು ತಗುಲದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ ಐದು ದೇಶದ ಆಸ್ಪತ್ರೆಗಳು ಒಟ್ಟಿಗೆ ಕಲಿಯೋ ಕೆಲಸ ಅದು. ಎಲ್ಲ ದೊಡ್ಡ ದೊಡ್ಡ ಆಸ್ಪತ್ರೆಗಳು, ನಡುವೆ ನಮ್ಮದೊಂದು ಪುಟ್ಟದು. "ಆರು ತಿಂಗಳು ನೋಡ್ತೀವಿ. ನಿಮ್ಮ ಲೆಕ್ಕ ನಂಬೋ ಹಾಗಿದ್ದರೆ ಮಾತ್ರ ಮುಂದಕ್ಕೆ" ಅಂತ ಇದನ್ನೆಲ್ಲ ನಡೆಸೋ ವಿದೇಶದ ಡಾಕ್ಟರ್ ಮೇಡಂ ಮೊದಲ ದಿನವೇ ವಿಡಿಯೋದಲ್ಲಿ ಹೇಳಿಬಿಟ್ಟರು. ನನಗೋ, ಏನಾದರಾಗಲಿ ಉಳಿಯಲೇಬೇಕು ಅನ್ನೋ ಹಠ. ಹಿಂದೊಮ್ಮೆ ಅಪಘಾತದಿಂದ ಬದುಕಿ ಬಂದ ಒಬ್ಬಳು ಹುಡುಗಿ ನಮ್ಮಲ್ಲೇ ತಗುಲಿದ ಸೋಂಕಿನಿಂದ ಹೋಗಿಬಿಟ್ಟಳು. ಆ ಸಂಕಟ ನನಗೆ ಇವತ್ತಿಗೂ ಇದೆ.

ಚೆಕ್ಕುಬಂದಿ

ಅಧ್ಯಯನಕ್ಕೆ ರೋಗಿಯನ್ನು ಸೇರಿಸಬೇಕಾದರೆ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹನ್ನೊಂದು ಪುಟ. ಎಲ್ಲರೂ ಕೊನೇ ಪುಟ ತಿರುಗಿಸಿ "ಎಲ್ಲಿ ಹಾಕ್ಬೇಕು?" ಅಂತಾರೆ. ನಾನೇ ಕೂರಿಸಿ ಓದಿಹೇಳಬೇಕು.

ಮೊದಲ ರೋಗಿ ಆಲ್ದೂರಿನ ಕಡೆಯವರು, ಜೀಪು ಮಗುಚಿ ಪೆಟ್ಟಾದವರು. ಅವರ ಅಣ್ಣ ದೊಡ್ಡ ಪ್ಲಾಂಟರು. ಆ ಗೌಡ್ರು ಕನ್ನಡಕ ಹಾಕಿಕೊಂಡು ಹನ್ನೊಂದು ಪುಟವನ್ನೂ ಒಂದಕ್ಷರ ಬಿಡದೆ ಓದಿದರು. ಆಮೇಲೆ ಪತ್ರ ನನ್ನ ಕಡೆ ತಳ್ಳಿದರು.

"ಎಲ್ಲ ಸರಿ ಇದೆ ಸಿಸ್ಟರ್. ಆದ್ರೆ ಚೆಕ್ಕುಬಂದಿನೇ ಬರೆದಿಲ್ಲವಲ್ಲ?"

"ಗೌಡ್ರೇ, ಇದು ತೋಟದ ಪತ್ರ ಅಲ್ಲ!"

"ಯಾವ ಪತ್ರವಾದ್ರೇನು? ನಾಲ್ಕು ದಿಕ್ಕಿಗೂ ಗಡಿ ಬರೀದೆ ಸಹಿ ಹಾಕಿ ನಮ್ಮಪ್ಪ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದಿದಾರೆ. ನಾಳೆ ನೀವು ಪಕ್ಕದ ಬೆಡ್ಡಿನವನಿಗೆ ಮಾಡೋದನ್ನ ನನ್ನ ತಮ್ಮನಿಗೆ ಮಾಡಿದ್ರೆ?"

ವಾದ ಮಾಡಿ ಗೆಲ್ಲೋ ಆಸಾಮಿ ಅಲ್ಲ. ಕೊನೇ ಪುಟದ ಹಿಂದೆ ಬರೆದೆ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಓಡಾಡುವ ದಾರಿ, ಉತ್ತರಕ್ಕೆ ಕೈ ತೊಳೆಯುವ ಸಿಂಕು, ದಕ್ಷಿಣಕ್ಕೆ ನಾಲ್ಕನೇ ಬೆಡ್ಡು. ಗೌಡ್ರು ಎದ್ದುಹೋಗಿ ನಾಲ್ಕು ಕಡೆಯೂ ತಾಳೆ ನೋಡಿ ಬಂದು, ಇಬ್ಬರು ಸಾಕ್ಷಿ ಸಮೇತ ಸಹಿ ಹಾಕಿದರು. ಪತ್ರದ ಪ್ರತಿ ನೋಡಿದ ವಿದೇಶದ ಮೇಡಂ "ಹಿಂದೆ ಇದೇನು ಬರೆದಿದ್ದೀರಿ?" ಅಂತ ಕೇಳಿದರು. "ನಮ್ಮ ಕಡೆ ಪದ್ಧತಿ" ಅಂದೆ. ಇನ್ನೇನು ಹೇಳಲಿ ಮಾರಾಯ್ರೇ?

ನಾಲ್ಕು ದಿನಕ್ಕೆ ಗೌಡ್ರ ತಮ್ಮ ಸುಧಾರಿಸಿಕೊಂಡರು. ಕಿಟಕಿ ಪಕ್ಕದ ಬೆಡ್ಡಿಗೆ ಬದಲಾಯಿಸಿದೆವು. ಸಂಜೆ ಬಂದ ಗೌಡ್ರು ತಮ್ಮನ ಮುಖ ನೋಡೋ ಮೊದಲೇ ಗುಡುಗಿದರು: "ಹೊಸ ಗಡಿ ಅಳೆದು ಹದ್ದುಬಸ್ತು ಮಾಡಿಸದೆ ಜಾಗ ಹೇಗ್ರೀ ಬದಲಾಯ್ಸಿದ್ರಿ?"

ಹಲ್ಲು

ವೆಂಟಿಲೇಟರ್ ಮೇಲಿರುವವರ ಬಾಯಿ ಕೊಳೆಯಾದರೆ ಸೋಂಕು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ದಿನಕ್ಕೆ ನಾಲ್ಕು ಸಲ ಬಾಯಿ, ಹಲ್ಲು ಸ್ವಚ್ಛ ಮಾಡಬೇಕು ಅಂತ ಅಧ್ಯಯನದ ನಿಯಮ.

ಕಳಸದ ಕಡೆ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದ ಅಜ್ಜ ಬಂದು ಸೇರಿದರು. ಮೊದಲ ದಿನ ಬಾಯಿ ಒರೆಸಿದ ಹೊಸ ಸಿಸ್ಟರ್ "ರಕ್ತ! ರಕ್ತ!" ಅಂತ ಕೂಗಿಕೊಂಡಳು. ಕೈಯಲ್ಲಿದ್ದ ಹತ್ತಿ ಕೆಂಪಗೆ. ಡಾಕ್ಟರು ಓಡಿ ಬಂದರು. ನಾನು ಹತ್ತಿರ ಹೋಗಿ ನೋಡಿದೆ, ಮೂಸಿಯೂ ನೋಡಿದೆ. ರಕ್ತವೂ ಇಲ್ಲ ಮಣ್ಣೂ ಇಲ್ಲ, ನಲವತ್ತು ವರ್ಷದ ಎಲೆಅಡಿಕೆ!

ಸರಿ, ದಿನಕ್ಕೆ ನಾಲ್ಕು ಸಲದಂತೆ ಉಜ್ಜಿದೆವು, ಉಜ್ಜಿದೆವು. ಒಂಬತ್ತನೇ ದಿನ ಅಜ್ಜ ಸ್ವಂತ ಉಸಿರಾಡಿದರು. ಸೋಂಕು ಹತ್ತಿರವೂ ಸುಳಿಯಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಟ್ಯೂಬು ತೆಗೆದಾಗ ಅಜ್ಜಿಯನ್ನೂ ಒಳಗೆ ಕರೆದೆವು. ಪಾಪ, ಮೊದಲ ಮಾತು ತನ್ನ ಜೊತೆಗೇ ಆಡ್ತಾರೆ ಅಂತ ಕಣ್ತುಂಬ ನೀರು ತುಂಬಿಕೊಂಡು ಬಗ್ಗಿ ನಿಂತಿದ್ದರು.

ಅಜ್ಜ ಕಣ್ಣು ಬಿಟ್ಟರು. ನಾಲಿಗೆಯನ್ನು ಆ ಕಡೆಯಿಂದ ಈ ಕಡೆಗೆ ಹಲ್ಲಿನ ಮೇಲೆ ಎಳೆದರು. ಮುಖದಲ್ಲಿ ಗಾಬರಿ ಕಾಣಿಸಿತು.

"ನನ್ ಹಲ್ಲು ಯಾರು ಬದಲಾಯ್ಸಿದ್ದು?"

ಗ್ರಾಫು

ಕೈಗೆ ಹಚ್ಚಿಕೊಳ್ಳೋ ಸ್ಯಾನಿಟೈಸರ್ ಎಷ್ಟು ಖರ್ಚಾಯಿತು ಅಂತ ಪ್ರತಿ ಸೋಮವಾರ ಬಾಟ್ಲಿ ತೂಗಿ ಕಳಿಸಬೇಕಿತ್ತು. ಹೆಚ್ಚು ಖರ್ಚಾದರೆ ಹೆಚ್ಚು ಕೈ ಶುದ್ಧ ಆಗಿದೆ ಅಂತ ಲೆಕ್ಕ.

ಮಳೆ ಹಿಡಿದ ಮೇಲೆ ನಮ್ಮ ಖರ್ಚು ಏರತೊಡಗಿತು. ಏರಿತು ಅಂದರೆ ಹಾಗೆ ಹೀಗೆ ಅಲ್ಲ, ಚಾರ್ಮಾಡಿ ಘಾಟಿ ಹತ್ತಿದ ಹಾಗೆ. ಐದೂ ದೇಶದವರು ಕೂತ ವಿಡಿಯೋ ಮೀಟಿಂಗಿನಲ್ಲಿ ಮೇಡಂ ನಮ್ಮ ಗ್ರಾಫು ತೋರಿಸಿದರು. ಎಲ್ಲರೂ ಚಪ್ಪಾಳೆ. ಮರಳುಗಾಡಿನ ದೇಶದ ಸಿಸ್ಟರ್ ಒಬ್ಬರು "ಏನು ನಿಮ್ಮ ಗುಟ್ಟು?" ಅಂತ ಕೇಳಿ ನನ್ನ ನಂಬರನ್ನೂ ಬರೆದುಕೊಂಡರು. ನಾನೂ ಬಿಡ್ತೀನಾ? ಶಿಸ್ತು, ತರಬೇತಿ, ಜನರಲ್ಲಿ ತಿಳುವಳಿಕೆ ಅಂತ ಹತ್ತು ನಿಮಿಷ ಭಾಷಣ ಬಿಗಿದೆ.

ಮಾರನೇ ದಿನ ಭೇಟಿ ಸಮಯಕ್ಕೆ ಬಾಗಿಲ ಹತ್ತಿರ ಹೋದರೆ ಜಾವಳಿಯಿಂದ ಬಂದ ಒಬ್ಬ ಹೆಂಗಸು ಸೀರೆ ಮೊಣಕಾಲಿನವರೆಗೆ ಎತ್ತಿ, ನಮ್ಮ ಸ್ಯಾನಿಟೈಸರನ್ನು ಕಾಲಿಗೆ ಒತ್ತಿ ಒತ್ತಿ ಸುರಿಯುತ್ತಿದ್ದರು.

"ಏನಮ್ಮಾ ಇದು? ಅದು ಕೈಗೆ ಹಾಕೋದು!"

"ಕೈಗೆ ಹತ್ತಿಲ್ವಲ್ಲ ಸಿಸ್ಟರೇ, ಕಾಲಿಗಲ್ವಾ ಹತ್ತಿರೋದು" ಅಂದರು. ನೋಡಿದರೆ ಇಂಬಳ! ರಕ್ತ ಕುಡಿದು ದಪ್ಪಗಾದ ಜಿಗಣೆ ಕಾಲಿಂದ ಕಳಚಿ ಪಟ್ಟಂತ ನೆಲಕ್ಕೆ ಬಿತ್ತು. "ಉಪ್ಪು, ಸುಣ್ಣ, ಹೊಗೆಸೊಪ್ಪು ಎಲ್ಲ ಇದರ ಮುಂದೆ ಏನೂ ಅಲ್ಲ. ನಮ್ಮೂರಲ್ಲಿ ಎಲ್ರಿಗೂ ಹೇಳಿದೀನಿ."

ಹೇಳಿದ್ದು ಸುಳ್ಳಲ್ಲ. ಅವರ ಹಿಂದೆ ಪ್ಯಾಂಟು ಮಡಚಿಕೊಂಡು ಆರು ಜನ ಸಾಲಾಗಿ ನಿಂತಿದ್ದರು.

ಆಗ ನನಗೆ ಹೊಳೆಯಿತು. ಐದು ದೇಶ ಚಪ್ಪಾಳೆ ಹೊಡೆದಿದ್ದು ಇಂಬಳಕ್ಕೆ! ನಮ್ಮ ಡಾಕ್ಟರಿಗೆ ಹೇಳಿದೆ. ಅವರು ತಲೆ ಹಿಡಿದುಕೊಂಡು ಕೂತರು. "ಹೇಳಲೇಬೇಕಾ ಸಿಸ್ಟರ್? ಹೇಳಿದ್ರೆ ತೆಗೆದುಹಾಕ್ತಾರೆ."

"ಸುಳ್ಳು ಲೆಕ್ಕ ಇಟ್ಕೊಂಡು ಯಾರ ಜೀವ ಉಳಿಸ್ತೀವಿ ಸರ್?" ಅಂದೆ. ಧೈರ್ಯದ ಮಾತೇನೋ ಆಡಿಬಿಟ್ಟೆ, ಮೀಟಿಂಗಿನ ದಿನ ಮಾತ್ರ ಹೇಳೋದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂತೆ. ಎಲ್ಲ ಹೇಳಿದೆ. ಇಂಬಳದವರಿಗೆ ಈಗ ಗೇಟಿನಲ್ಲೇ ಉಪ್ಪಿನ ಡಬ್ಬಿ ಇಟ್ಟಿದ್ದೀವಿ, ಖರ್ಚು ಸರ್ರಂತ ಇಳಿದಿದೆ ಅಂತಲೂ ಹೇಳಿದೆ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಗೊತ್ತಾಯಿತು, ಅದು ನಗು. "ತಾವೇ ತಮ್ಮ ತಪ್ಪು ಹಿಡಿದು ಹೇಳಿದವರು ನೀವೊಬ್ಬರೇ. ನಿಮ್ಮ ಲೆಕ್ಕ ನಂಬ್ತೀನಿ. ಅಧ್ಯಯನದಲ್ಲಿ ನೀವು ಇದ್ದೀರಿ" ಅಂದರು. ಡಾಕ್ಟರು, ನಾನು, ನೆಲ ಒರೆಸೋ ಆಯಮ್ಮ ಎಲ್ಲ ಒಟ್ಟಿಗೆ ಕೂಗಿದ ರಭಸಕ್ಕೆ ಪಕ್ಕದ ವಾರ್ಡಿನವರು ಓಡಿ ಬಂದರು.

ಮುಂದೆ ಇಂಥ ಎಡವಟ್ಟು ಆಗಬಾರದು ಅಂತ ಮೇಡಂ ಐದೂ ದೇಶದ ಫಾರಮ್ಮಿಗೆ ಒಂದು ಹೊಸ ಕಾಲಮ್ ಸೇರಿಸಿದರು: "ಈ ತಿಂಗಳು ಸ್ಯಾನಿಟೈಸರ್ ಹಾಕಿ ಬಿಡಿಸಿದ ಜಿಗಣೆಗಳು ಎಷ್ಟು?"

ಮೂರು ತಿಂಗಳಾದ ಮೇಲೆ ಮರಳುಗಾಡಿನ ದೇಶದ ಆ ಸಿಸ್ಟರ್ ನನಗೆ ಗುಟ್ಟಾಗಿ ಮೆಸೇಜು ಹಾಕಿದ್ದರು.

"ಆ ಕಾಲಮ್ಮಿನಲ್ಲಿ ನಮ್ಮದು ಪ್ರತಿ ತಿಂಗಳೂ ಸೊನ್ನೆ. ನಮ್ಮ ಡಾಕ್ಟರಿಗೆ ತುಂಬ ಬೇಜಾರಾಗಿದೆ. ಪಾಸಾಗೋಕೆ ಕನಿಷ್ಠ ಎಷ್ಟು ಜಿಗಣೆ ಇರಬೇಕು?"